ಕೈ ಅಲುಗಿದ ಭಾನುವಾರಗಳು

ಮೂವತ್ತಾರರಲ್ಲಿ ಹನ್ನೊಂದು ಚಿತ್ರ ಅಲುಗಿದ್ದವು.

ಬಚ್ಚಲುಮನೆಯ ದಾರಕ್ಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಇಳಿಬಿಟ್ಟಿದ್ದ ಫಿಲ್ಮು ಒಣಗಿತ್ತು. ಗಡಿಯಾರದಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿಂದಲೇ ಒಂದೊಂದನ್ನೂ ನೋಡಿದ. ಸೇತುವೆಯ ಕಂಬಿ ಎರಡೆರಡಾಗಿ ಕಂಡಿತು. ಮೀನು ಹಿಡಿಯಲು ಕೂತವನ ಗಾಳದ ದಾರ ಇರಬೇಕಾದಲ್ಲಿ ಏನೂ ಇರಲಿಲ್ಲ. ಬೆಳಗಿನ ಮಬ್ಬಿನಲ್ಲಿ ಸೈಕಲ್ ಒರಗಿಸಿ ನಿಂತಿದ್ದ ಹಾಲಿನವನ ಚಿತ್ರದ ಮೇಲೆ ಅವನು ವಾರವಿಡೀ ಆಸೆ ಇಟ್ಟುಕೊಂಡಿದ್ದ. ಆ ಹಾಲಿನವನಿಗೆ ಈಗ ಎರಡು ಮೂಗು.

"ಏನ್ರೀ, ಚೆನ್ನಾಗಿ ಬಂದಿದೆಯಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಫಿಲ್ಮೇ ಸರಿ ಇಲ್ಲ. ಹಳೇ ಮಾಲು ತಗುಲಿಸಿದ್ದಾನೆ ಅಂಗಡಿಯವನು."

"ಹೋದ ಸಲ ಲೆನ್ಸು ಸರಿ ಇಲ್ಲ ಅಂದ್ರಿ."

"ಲೆನ್ಸೂ ಸರಿ ಇಲ್ಲ."

ಅವಳು ಚಹಾ ತಂದಿಟ್ಟಳು, ದೊಡ್ಡ ಲೋಟದಲ್ಲಿ, ಅರ್ಧಕ್ಕೆ. ಇತ್ತೀಚೆಗೆ ಯಾಕೋ ಅರ್ಧವೇ ಕೊಡುತ್ತಿದ್ದಳು. ಒಮ್ಮೆ ಅವನು ಗೊಣಗಿದ್ದಕ್ಕೆ, "ಎರಡು ಸಲ ಕುಡೀರಿ, ಬಿಸಿಯಾಗಿರುತ್ತೆ" ಅಂದಿದ್ದಳು.

ಗಡಿಯಾರದಣ್ಣ ಎಂದು ಅವನನ್ನು ಮೊದಲು ಕರೆದವರು ಯಾರೋ. ಐವತ್ತನಾಲ್ಕರ ಹೊತ್ತಿಗೆ ಅವನಿಗಿಂತ ಹಿರಿಯರೂ ಅಣ್ಣ ಎನ್ನುತ್ತಿದ್ದರು. ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಅವನ ಅಂಗಡಿ. ಮೂರು ಜನ ಒಳಗೆ ಬಂದರೆ ನಾಲ್ಕನೆಯವನು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ಜಾಗ. ಹಿಂದಿನ ಗೋಡೆಗೆ ಮುಖ ಮಾಡಿದ ಮೇಜು ಅವನದು. ಮುಂದಿನ ಗಾಜಿನ ಕಟ್ಟೆ ಹೆಂಡತಿಯದು: ಬ್ಯಾಟರಿ ಹಾಕುವುದು, ಪಟ್ಟಿ ಬದಲಿಸುವುದು, ಚೀಟಿ ಬರೆದುಕೊಡುವುದು, ತಡವಾದರೆ ಗಿರಾಕಿಯ ಬಾಯಿಗೆ ಸಿಕ್ಕುವುದು. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಹೀಗೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಬೆನ್ನು ನೋಡಿಕೊಂಡೇ ಸಂಸಾರ ಮಾಡಿದ್ದಕ್ಕೆ ಜಗಳ ಕಡಿಮೆ ಎಂದು ಅವಳು ನೆಂಟರೆದುರು ನಗುತ್ತಿದ್ದಳು.

ಫೋಟೋ ಹುಚ್ಚು ಹತ್ತಿದ್ದು ಗುಜರಿಯಲ್ಲಿ ಕೆಟ್ಟು ಬಿದ್ದಿದ್ದ ಒಂದು ಫಿಲ್ಮ್ ಕ್ಯಾಮೆರಾದಿಂದ. ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿಯ ಸುಳಿವಿಲ್ಲ. ಬರೀ ಹಲ್ಲಿನ ಚಕ್ರ, ಸ್ಪ್ರಿಂಗು, ಸನ್ನೆ. "ಅಯ್ಯೋ, ಇದು ಫೋಟೋ ತೆಗೆಯೋ ಗಡಿಯಾರ ಕಣೇ!" ಎಂದು ಅಂದು ಕೂಗಿದ್ದ. ರಿಪೇರಿ ಮಾಡಿದ ಮೇಲೆ ಸುಮ್ಮನಿರಲಾಗದೆ ಒಂದು ರೋಲು ಹಾಕಿದ. ಅಲ್ಲಿಂದ ಮುಂದೆ ಹನ್ನೆರಡು ವರ್ಷ, ಭಾನುವಾರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಜೊತೆಗೆ ಹೋಗುತ್ತಿದ್ದವನು ಭಾವಮೈದುನ, ಹೆಂಡತಿಯ ತಮ್ಮ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ವಾರವಿಡೀ ಜನರ ಮೂಳೆ ನೋಡಿ ಸಾಕಾಗಿ ಭಾನುವಾರ ಚರ್ಮ ಇರುವವರ ಫೋಟೋ ತೆಗೆಯುತ್ತೇನೆ ಎನ್ನುತ್ತಿದ್ದ. ಅವನದು ಡಿಜಿಟಲ್ಲು. ಗುಂಡಿ ಒತ್ತಿ ಹಿಡಿದರೆ ಒಂದು ಹಕ್ಕಿಗೆ ಮೂವತ್ತು ಚಿತ್ರ. "ನೀನು ಫೋಟೋ ತೆಗೀತೀಯೋ, ಹೊಲಿಗೆ ಮಿಷಿನ್ ತುಳೀತೀಯೋ?" ಎಂದು ಗಡಿಯಾರದಣ್ಣ ಕೇಳಿದರೆ, "ನೀವು ಒಂದು ತೆಗೆಯೋಷ್ಟರಲ್ಲಿ ಹಕ್ಕಿಗೆ ಮೊಮ್ಮಕ್ಕಳಾಗಿರ್ತವೆ ಭಾವ" ಎಂದು ಅವನು ತಿರುಗಿಸುತ್ತಿದ್ದ. ಇಬ್ಬರಿಗೂ ಒಂದೇ ನಿಯಮ: ಒಂದು ಬಸ್ಸಿನಲ್ಲಿ ಮುಟ್ಟಬಹುದಾದ ಜಾಗಕ್ಕಷ್ಟೇ ಹೋಗಬೇಕು. ಗೂಡ್ಸ್ ರೈಲಿನ ಅಂಗಳ, ನದಿಯ ಹಳೇ ಕಟ್ಟೆ, ಮುಚ್ಚಿದ ಕಾರ್ಖಾನೆಯ ಗೋಡೆ, ತರಕಾರಿ ಲಾರಿಗಳು ಖಾಲಿಯಾಗುವ ಬಯಲು. ದೂರ ಹೋದರೆ ಯಾರು ಬೇಕಾದರೂ ಚಿತ್ರ ತರುತ್ತಾರೆ. ದಿನಾ ನೋಡುವುದರಲ್ಲಿ ಹೊಸದೊಂದು ಕಾಣಬೇಕು ಎಂಬುದು ಗಡಿಯಾರದಣ್ಣನ ಹಟ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಆಗ ಕೈ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಡುತ್ತದೆ. ಅದಕ್ಕೇ ಜನ ಮೂರು ಕಾಲಿನ ಸ್ಟ್ಯಾಂಡು ಹೊರುವುದು. ಅವನು ಹೊತ್ತವನಲ್ಲ. ಸೆಕೆಂಡಿನ ಹದಿನೈದನೇ ಒಂದು ಭಾಗದವರೆಗೂ ಬರಿಗೈಯಲ್ಲಿ ಕಲ್ಲಿನ ಹಾಗೆ ಹಿಡಿಯುತ್ತಿದ್ದ. "ಕೂದಲಿನಂಥ ಸ್ಪ್ರಿಂಗು ಕೂರಿಸೋ ಕೈ ಇದು" ಎನ್ನುತ್ತಿದ್ದ. ಅಂಥ ಕೈ ತೆಗೆದ ರೋಲಿನಲ್ಲಿ ಈಗ ಹನ್ನೊಂದು ಅಲುಗಿದ್ದವು. ಹಿಂದಿನದರಲ್ಲಿ ಏಳು. ಅದಕ್ಕೂ ಹಿಂದಿನದರಲ್ಲಿ ನಾಲ್ಕು.

ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ಶಟರ್ ಅಂಟುತ್ತಿರಬೇಕು ಎಂದುಕೊಂಡ. ಶಟರ್ ನಿಧಾನವಾಗಿದ್ದರೆ ಹೆಚ್ಚು ಬೆಳಕು ಬಿದ್ದು ನೆಗೆಟಿವ್ ಕಪ್ಪಿಟ್ಟಿರಬೇಕಿತ್ತು. ಕಪ್ಪಿಟ್ಟಿರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು. ಬೀಳಲಿಲ್ಲವೆಂಬಂತೆ ಪಟ್ಟಿಯನ್ನು ಸುತ್ತಿಟ್ಟ.

ಆ ವಾರ ಅಂಗಡಿಯಲ್ಲಿ ಅವನು ಕಾಲು ಸುಟ್ಟ ಬೆಕ್ಕಿನ ಹಾಗಿದ್ದ. ಮೇಜಿನ ಮುಂದೆ ಕೂರುವನು, ಎದ್ದು ಮೆಟ್ಟಿಲಿಗೆ ಬರುವನು, ಬೀಗದವನ ಜೊತೆ ಎರಡು ಮಾತಾಡಿ ಮೂರನೆಯದಕ್ಕೆ ಮೊದಲೇ ಒಳಗೆ ಹೋಗುವನು. ಸಂಜೆ ಹೊತ್ತು ಕ್ಯಾಮೆರಾದ ತಳ ಬಿಚ್ಚಿ ಚಕ್ರಗಳಿಗೆ ಎಣ್ಣೆ ತೋರಿಸಿದ. ಮುಚ್ಚುವಾಗ ಒಂದು ತಿರುಪು ಚಿಮಟದಿಂದ ಹಾರಿ ಎಲ್ಲೋ ಬಿತ್ತು. ಮಂಡಿಯೂರಿ ನೆಲವನ್ನೆಲ್ಲ ಕೈಯಿಂದ ಸವರಿದ. ಹೆಂಡತಿ ಕಟ್ಟೆಯಿಂದ ಇಳಿದು ಬಂದು, ಬಗ್ಗಿ, ಅವನ ಚಪ್ಪಲಿಯ ಅಂಚಿನಿಂದ ಎತ್ತಿಕೊಟ್ಟಳು.

"ನನ್ನ ಕೈಲಿ ಕೊಡಿ, ನಾನು ಹಾಕ್ತೀನಿ."

"ಬ್ಯಾಟರಿ ಹಾಕೋದಲ್ಲ ಇದು" ಅಂದ. ಅಂದ ಮೇಲೆ ಹಾಗನ್ನಬಾರದಿತ್ತು ಅನಿಸಿತು. ಅವಳು ತಿರುಪನ್ನು ಮೇಜಿನ ಮೇಲಿಟ್ಟು ಹೋದಳು.

ಮುಂದಿನ ಭಾನುವಾರ ಗೂಡ್ಸ್ ಅಂಗಳದ ಮೇಲಿನ ಕಾಲುಸೇತುವೆ. ಕೆಳಗೆ ಸಿಮೆಂಟು ಇಳಿಸುವವರು ಬೆಳ್ಳಗೆ ಹಿಟ್ಟಿನ ಗೊಂಬೆಗಳ ಹಾಗೆ ಓಡಾಡುತ್ತಿದ್ದರು. ಮೋಡ ಕವಿದ ಬೆಳಗು. ಅವನ ಇಷ್ಟದ ಬೆಳಕು. ಎರಡು ಚಿತ್ರ ತೆಗೆದವನು ಮೂರನೆಯದಕ್ಕೆ ನಿಂತ. ಅಲುಗಿತೋ ಇಲ್ಲವೋ ತಿಳಿಯಲು ಇನ್ನು ಒಂದು ವಾರ ಕಾಯಬೇಕು, ರೋಲು ಮುಗಿಯಬೇಕು, ತೊಳೆಯಬೇಕು. ಹನ್ನೆರಡು ವರ್ಷ ಆ ಕಾಯುವಿಕೆಯೇ ಅವನಿಗೆ ಹಬ್ಬವಾಗಿತ್ತು. ಇವತ್ತು ತಡೆಯಲಾಗಲಿಲ್ಲ.

"ನಿನ್ನದು ಕೊಡು ಇಲ್ಲಿ."

ಭಾವಮೈದುನ ಹುಬ್ಬೇರಿಸಿದ. "ಹೊಲಿಗೆ ಮಿಷಿನ್ನಾ?"

"ಕೊಡೋ ಅಂದ್ರೆ."

ಡಿಜಿಟಲ್ ಕ್ಯಾಮೆರಾ ಹಿಡಿದು ಅದೇ ಜಾಗದಿಂದ, ಅಷ್ಟೇ ಹೊತ್ತು ಕಣ್ಣು ತೆರೆಯುವ ಹಾಗೆ ಹೊಂದಿಸಿ, ನಾಲ್ಕು ಚಿತ್ರ ತೆಗೆದ. ಹಿಂದಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಕೆಲಸಗಾರನ ರೆಪ್ಪೆಯ ಮೇಲಿನ ಸಿಮೆಂಟು ಕೂಡ ಎಣಿಸುವ ಹಾಗಿತ್ತು. ಅವನ ಎದೆಯ ಮೇಲಿಂದ ಒಂದು ಮೂಟೆ ಇಳಿಯಿತು.

"ನೋಡು! ನಾನು ಹೇಳಲಿಲ್ವಾ? ಕ್ಯಾಮೆರಾದ್ದೇ ತಪ್ಪು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಲ್ಲ, ಇಲ್ಲಿ ನೆಲವೇ ಡೊಂಕು!"

ಅವನ ಸಂತೋಷಕ್ಕೆ ಭಾವಮೈದುನ ನಗಲಿಲ್ಲ.

"ಭಾವ, ಇದರೊಳಗೆ ಕೈ ಅಲುಗಾಟ ತಡೆಯೋ ಏರ್ಪಾಡಿದೆ. ನಾವು ಅಲುಗಿದಷ್ಟೂ ಒಳಗಿನ ಗಾಜು ಎದುರು ಕಡೆ ಸರಿಯುತ್ತೆ."

"ಅಂದ್ರೆ?"

"ಅದನ್ನ ಆಫ್ ಮಾಡಿ ಒಂದು ತೆಗೆದು ನೋಡಿ."

ಆಫ್ ಮಾಡಿ ಕೊಟ್ಟ. ಗಡಿಯಾರದಣ್ಣ ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಕಟ್ಟಿ, ಒಂದು ತೆಗೆದ. ಇನ್ನೊಂದು. ಮತ್ತೂ ಒಂದು. ಮೂರರಲ್ಲೂ ಸಿಮೆಂಟಿನ ಗೊಂಬೆಗೆ ಅಂಚಿರಲಿಲ್ಲ. ಡಿಜಿಟಲ್ಲಿಗೆ ದಾಕ್ಷಿಣ್ಯವಿಲ್ಲ, ಕಾಯಿಸುವ ಸೌಜನ್ಯವೂ ಇಲ್ಲ. ಒತ್ತಿದ ಕ್ಷಣಕ್ಕೇ ಮುಖದ ಮೇಲೆ ಹೇಳಿಬಿಡುತ್ತದೆ.

"ಒಂದ್ಸಲ ನಮ್ಮ ಆಸ್ಪತ್ರೆಗೆ ಬನ್ನಿ ಭಾವ. ಒಳ್ಳೇ ಡಾಕ್ಟರಿದ್ದಾರೆ, ನಾನೇ ಕರ್ಕೊಂಡು ಹೋಗ್ತೀನಿ."

"ಯಾಕೆ? ನನಗೇನಾಗಿದೆ? ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ಅಷ್ಟೆ."

"ಭಾವ…"

"ನೋಡು, ನಿಮ್ಮಕ್ಕನ ಹತ್ರ ಬಾಯಿ ಬಿಟ್ರೆ ನಿನಗೂ ನನಗೂ ಮುಗೀತು."

ಗಡಿಯಾರದಣ್ಣ ಮನೆಗೆ ಹೊರಡೋಣವೆಂದರೆ ಭಾವಮೈದುನ ಕೇಳಲಿಲ್ಲ. ಈಗ ಬೇಡ, ಹನ್ನೆರಡೂವರೆಗೆ ಒಂದು ಗಾಡಿ ಬರುತ್ತದೆ, ಅದು ಹೋದ ಮೇಲೆ ಹೋಗೋಣ ಎಂದು ಕೈ ಹಿಡಿದು ನಿಲ್ಲಿಸಿದ. ಗಾಡಿ ಬಂದಿದ್ದು ಒಂದೂಕಾಲಿಗೆ. ಅದರ ಒಂದು ಚಿತ್ರವನ್ನೂ ಭಾವಮೈದುನ ತೆಗೆಯಲಿಲ್ಲ.

ಸೋಮವಾರದಿಂದ ಗಡಿಯಾರದಣ್ಣ ತನ್ನ ಕೈಯನ್ನೇ ಕಳ್ಳನನ್ನು ಕಾಯುವ ಹಾಗೆ ಕಾಯತೊಡಗಿದ. ಸುಮ್ಮನೆ ತೊಡೆಯ ಮೇಲಿಟ್ಟರೆ ಕೈ ಸಾಧು. ಏನಾದರೂ ಸಣ್ಣದನ್ನು ಹಿಡಿದು ಗುರಿಯ ಹತ್ತಿರ ಹೋಗುವಾಗಲೇ ಒಳಗೆಲ್ಲೋ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ಗುಡುತ್ತಿತ್ತು. ಹೆಂಗಸರ ಸಣ್ಣ ವಾಚು ಬಂದರೆ, "ಭಾಗ ಸಿಗಲ್ಲ" ಎಂದು ವಾಪಸು ಕಳಿಸಿದ. ಆದರೂ ಕೆಲವನ್ನು ಕಳಿಸಲಾಗುತ್ತಿರಲಿಲ್ಲ. ಶುಕ್ರವಾರ ಸಂಗೀತದ ಮೇಡಂ ತಮ್ಮ ತಂದೆಯ ಕಾಲದ ಕೀಲಿ ವಾಚು ತಂದಿಟ್ಟರು. ಅದರ ಸುರುಳಿ ಸ್ಪ್ರಿಂಗು ಕೂರಿಸಲು ಶನಿವಾರ ಬೆಳಗಿನಿಂದ ಹೆಣಗಿದ. ಚಿಮಟದ ತುದಿ ಪಕ್ಕದ ಗಾಜಿನ ಬಟ್ಟಲಿಗೆ ಟಿಕ್ ಟಿಕ್ ಎಂದು ತಾಗುತ್ತಿತ್ತು. ಕಡೆಗೆ ಹೇಗೋ ಕೂತಿತು. ಸುರುಳಿ ಒಂದು ಬದಿಗೆ ವಾಲಿತ್ತು. ವಾಚು ಓಡಿತು, ಆದರೆ ಕುಂಟುತ್ತ. ಗಂಟೆಗೆ ನಾಲ್ಕು ನಿಮಿಷ ಹಿಂದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಿಂಬದಿಯ ಮುಚ್ಚಳ ಒತ್ತಿ, ಚೀಟಿ ಕಟ್ಟಿ, ಕೊಡುವ ವಾಚುಗಳ ಡಬ್ಬಿಯಲ್ಲಿ ಹಾಕಿದ. ಮೂವತ್ತು ವರ್ಷದಲ್ಲಿ ಹೀಗೆ ಮಾಡಿದ್ದು ಅದೇ ಮೊದಲು ಎಂದುಕೊಂಡ. ಮೊದಲಲ್ಲ ಎಂಬುದೂ ಒಳಗೆ ಗೊತ್ತಿತ್ತು.

"ಮಂಗಳವಾರ ಬನ್ನಿ ಅಂತ ಹೇಳಿದ್ದೀನಿ ಮೇಡಮ್ಮಿಗೆ" ಎಂದಳು ಹೆಂಡತಿ.

"ಆಗಿಹೋಯ್ತಲ್ಲ, ಸಂಜೆಗೇ ಕೊಡಬಹುದಿತ್ತು."

"ಇರಲಿ ಬಿಡಿ. ಎರಡು ದಿನ ಓಡಲಿ."

ಮಂಗಳವಾರ ಮೇಡಂ ಬಂದಾಗ ಅವನು ತಲೆಯೆತ್ತಲಿಲ್ಲ. ಕಿವಿಯೆಲ್ಲ ಬೆನ್ನಿನಲ್ಲಿತ್ತು. ಗೋಡೆಯ ಗಡಿಯಾರಕ್ಕೂ ವಾಚಿಗೂ ತಾಳೆ ನೋಡಿ ಮೇಡಂ, "ಅಣ್ಣಾ, ನಿಮ್ಮ ಕೈ ದೇವರ ಕೈ" ಅಂದರು. ಅವನು ಎದ್ದು ಬಂದು ವಾಚನ್ನು ಕಿವಿಗಿಟ್ಟುಕೊಂಡ. ಕುಂಟು ಇರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಐದು ನಿಮಿಷ ಮುಳ್ಳು ನೋಡಿದ. ಸೆಕೆಂಡೂ ತಪ್ಪಲಿಲ್ಲ.

ಈಗ ಅವನ ತಲೆ ಇನ್ನಷ್ಟು ಕೆಟ್ಟಿತು. ನಡುಗುವ ಕೈ ಕೂರಿಸಿದ ಸ್ಪ್ರಿಂಗು ತಾನಾಗಿ ನೆಟ್ಟಗಾಗುತ್ತದೆಯೇ? ಹಾಗಾದರೆ ಕೈ ಸರಿಯಾಗಿಯೇ ಇದೆ. ಕೆಟ್ಟಿರುವುದು ತನ್ನ ಮನಸ್ಸು. ಅಥವಾ ಕೈಗೆ ವಾಚು ಗೊತ್ತು, ಕ್ಯಾಮೆರಾ ಮರೆತಿದೆ. ಊಟದ ನಡುವೆ ಎದ್ದು ಹೋಗಿ ನೆಗೆಟಿವ್ ತೆಗೆದು ನೋಡುವನು. ಬೀದಿಯಲ್ಲಿ ನಡೆಯುತ್ತ ಬೆರಳು ಚಾಚಿ ದೂರದ ಕಂಬದ ತುದಿಗೆ ಗುರಿಯಿಟ್ಟು ನೋಡುವನು. ಎದುರು ಬಂದವರು ತಮಗೇ ಬೆರಳು ತೋರಿಸಿದನೆಂದು ಹಿಂದೆ ತಿರುಗಿ ನೋಡುವರು. ಗುರುವಾರ ಭಾವಮೈದುನನಿಗೆ ಫೋನು ಮಾಡಿದ.

"ಡಾಕ್ಟರ ಹತ್ರ ಬಾ ಅಂದೆಯಲ್ಲ. ಸಂಗೀತದ ಮೇಡಮ್ಮಿನ ವಾಚು ಹೇಗೆ ಓಡ್ತಿದೆ ಹೋಗಿ ನೋಡು."

ಆ ಕಡೆ ಅವನು ಯಾರಿಗೋ 'ಉಸಿರು ಹಿಡೀರಿ' ಅಂದದ್ದು ಕೇಳಿತು.

"ಕೇಳಿಸ್ತಾ?"

"ಕೇಳಿಸ್ತು ಭಾವ. ಒಳ್ಳೇದಾಯ್ತು. ಭಾನುವಾರ ಕಲ್ಲುಗಣಿಗೆ ಹೋಗೋಣ. ಬುತ್ತಿ ತಗೊಂಡೇ ಹೋಗೋಣ, ಸಂಜೆವರೆಗೂ ಇರಬಹುದು."

ಹೆಂಡತಿಯೂ ಅದಕ್ಕೆ ತಾಳ ಹಾಕಿದಳು. ಭಾನುವಾರ ಅವನು ಮಂಚದಿಂದ ಏಳುವ ಮೊದಲೇ ಬುತ್ತಿ ಕಟ್ಟಿ, ನೀರಿನ ಬಾಟಲಿ ತುಂಬಿ, ಬಾಗಿಲ ಬಳಿ ಇಟ್ಟಿದ್ದಳು.

"ಏನೇ, ನನ್ನನ್ನ ಓಡಿಸೋಕೆ ಇಷ್ಟು ಆತುರ?"

"ಮನೇಲಿದ್ರೆ ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಹೋಗಿ ಬನ್ನಿ, ನನಗೂ ಒಂದು ದಿನ ತಣ್ಣಗಿರುತ್ತೆ."

ಬಿಟ್ಟುಹೋದ ಕಲ್ಲುಗಣಿಯಲ್ಲಿ ನೀರು ನಿಂತು ಹಸಿರು ಕನ್ನಡಿಯಂತಾಗಿತ್ತು. ಆಚೆ ದಡದಲ್ಲಿ ಇಬ್ಬರು ಹೆಂಗಸರು ಕಂಬಳಿ ಒಗೆಯುತ್ತಿದ್ದರು. ಕಂಬಳಿ ಎತ್ತಿ ಬಡಿದಾಗ ಏಳುವ ನೀರಿನ ಹನಿಗಳಿಗಾಗಿ ಅವನು ಒಂದು ತಾಸು ಕಾದ. ಕ್ಯಾಮೆರಾದ ಕಣ್ಣನ್ನು ವೇಗವಾಗಿ ಮುಚ್ಚಿಸಿದರೆ ನಡುಕ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತು. ಬೇಕೆಂದೇ ನಿಧಾನದ್ದನ್ನೇ ಇಟ್ಟುಕೊಂಡ. ಒಂದಾದ ಮೇಲೊಂದು ತೆಗೆದ, ಅದನ್ನೇ ಮತ್ತೆ ತೆಗೆದ, ಹತ್ತು ನಿಮಿಷದಲ್ಲಿ ಇಪ್ಪತ್ತು. ಅಷ್ಟು ಆತುರದಲ್ಲಿ ಅವನು ಎಂದೂ ಗುಂಡಿ ಒತ್ತಿರಲಿಲ್ಲ. ಹನ್ನೊಂದು ಗಂಟೆಗೆ ರೋಲು ಮುಗಿದು, ಫಿಲ್ಮು ಮುಂದೆ ಸರಿಸುವ ಸನ್ನೆ ತಿರುಗದೆ ನಿಂತಿತು. ಚೀಲದಲ್ಲಿ ಬೇರೆ ರೋಲಿರಲಿಲ್ಲ.

"ನಾನು ಹೊರಡ್ತೀನಿ."

"ಊಟ ಮಾಡಿ ಹೋಗೋಣ ಭಾವ. ಸಂಜೆ ಬೆಳಕು ಚೆನ್ನಾಗಿರುತ್ತೆ."

"ಬೆಳಕು ಇಟ್ಕೊಂಡು ಏನು ಮಾಡ್ಲಿ? ಫಿಲ್ಮೇ ಇಲ್ಲ."

"ನನ್ನದು ತಗೊಳ್ಳಿ. ಇಲ್ಲ, ಸುಮ್ಮನೆ ಕೂತ್ಕೊಳ್ಳಿ. ಭಾವ, ಇನ್ನೊಂದು ಗಂಟೆ. ನಾನೂ ಬರ್ತೀನಿ ಆಮೇಲೆ."

ಅವನ ದನಿಯಲ್ಲಿದ್ದ ಗಾಬರಿ ಗಡಿಯಾರದಣ್ಣನಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಎರಡು ವಾರದ ಹಿಂದೆ ಗೂಡ್ಸ್ ಗಾಡಿ. ಹೋದ ವಾರ ಎಲ್ಲೋ ಒಂದು ಮರದಲ್ಲಿ ಗೂಬೆ ಇದೆಯೆಂದು ಮೂರು ತಾಸು ಕಾಯಿಸಿದ್ದ. ಗೂಬೆಯೂ ಇರಲಿಲ್ಲ, ಮರದಲ್ಲಿ ಪೊಟರೆಯೂ ಇರಲಿಲ್ಲ. ಅಕ್ಕ ತಮ್ಮ ಸೇರಿ ತನ್ನನ್ನು ಮನೆಯಿಂದ ಹೊರಗಿಡುತ್ತಿದ್ದಾರೆ. ಯಾಕೆ? ಐವತ್ತನಾಲ್ಕರ ಗಂಡಸಿನ ತಲೆಗೆ ಏನೆಲ್ಲ ಬರಬಹುದೋ ಅದೆಲ್ಲ ಆ ಅರ್ಧ ಗಂಟೆಯಲ್ಲಿ ಬಂತು. ಮನೆ ಮಾರುತ್ತಿದ್ದಾರೆಯೇ? ಅವಳಿಗೇನಾದರೂ ಕಾಯಿಲೆಯೇ, ತನಗೆ ತಿಳಿಯದಂತೆ ಔಷಧ ತೆಗೆದುಕೊಳ್ಳುತ್ತಿದ್ದಾಳೆಯೇ? ಪಕ್ಕದಲ್ಲಿ ಕೂತಿದ್ದ ಮುದುಕ, "ಸ್ವಲ್ಪ ಕಾಲು ಕುಣಿಸೋದು ನಿಲ್ಲಿಸ್ತೀರಾ, ಸೀಟೆಲ್ಲ ಅಲ್ಲಾಡ್ತಿದೆ" ಅಂದ.

ಮನೆಗೆ ಬೀಗ ಹಾಕಿತ್ತು.

ಅಂಗಡಿಯತ್ತ ಓಡುನಡಿಗೆಯಲ್ಲಿ ಹೋದ. ಭಾನುವಾರದ ಬೀದಿ ಖಾಲಿ. ಔಷಧಿ ಅಂಗಡಿಯೊಂದೇ ತೆರೆದಿತ್ತು. ತನ್ನ ಅಂಗಡಿಯ ಕಬ್ಬಿಣದ ಬಾಗಿಲು ಮೊಣಕಾಲೆತ್ತರಕ್ಕೆ ಮೇಲೆದ್ದಿತ್ತು. ಕೆಳಗಿನಿಂದ ಬೆಳಕು ಬರುತ್ತಿತ್ತು. ಬಗ್ಗಿ ನೋಡಿದ.

ಅವನ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಅವನ ದೀಪ, ಅವನ ಮೇಜು. ಸೆರಗನ್ನು ಸೊಂಟಕ್ಕೆ ಬಿಗಿದು, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಮೊಣಕೈಗಳನ್ನು ಮೇಜಿನಂಚಿಗೆ ಊರಿದ್ದಳು. ಚಿಮಟದ ತುದಿಯಲ್ಲಿ ಒಂದು ಸುರುಳಿ. ಅವಳ ಬೆನ್ನು ಉಸಿರಾಡುತ್ತಿರಲಿಲ್ಲ. ಕೈ ಇಳಿಯಿತು, ನಿಂತಿತು, ತುಸುವೇ ತಿರುಗಿತು, ಬಿಟ್ಟಿತು. ಗಾಜಿಗೆ ಚಿಮಟ ತಾಗಿದ ಸದ್ದು ಒಮ್ಮೆಯೂ ಕೇಳಲಿಲ್ಲ. ಆಮೇಲೆ ಬೆನ್ನು ಉಸಿರು ಬಿಟ್ಟಿತು.

ಮೊದಲು ಬಂದದ್ದು ಸಿಟ್ಟು. ಬಾಗಿಲನ್ನು ದಡಾರನೆ ಮೇಲಕ್ಕೆ ತಳ್ಳಿದ. ಅವಳು ಬೆಚ್ಚಿದಳು, ಆದರೂ ಮೇಜಿನ ಮೇಲಿನ ವಾಚಿಗೆ ಮೊದಲು ಗಾಜಿನ ಮುಚ್ಚಳ ಮುಚ್ಚಿ, ಆಮೇಲೆ ತಿರುಗಿದಳು.

"ಏನಿದು?"

"ಕೂತ್ಕೊಳ್ಳಿ."

"ಎಲ್ಲಿ ಕೂರ್ಲಿ? ನನ್ನ ಜಾಗದಲ್ಲಿ ನೀನು ಕೂತಿದ್ದೀಯಲ್ಲ! ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ಮೂರು ತಿಂಗಳಾಯ್ತು" ಅಂದಳು. ದನಿ ಏರಿಸಲಿಲ್ಲ. "ನೀವು ಕಟ್ಟಿಟ್ಟ ವಾಚುಗಳಲ್ಲಿ ಯಾವುದು ಸರಿ ಓಡ್ತಿಲ್ವೋ ಅದನ್ನ ಬಿಚ್ಚಿ ಮತ್ತೆ ಕೂರಿಸ್ತಿದ್ದೆ. ಮೊದಲು ಎರಡು ಸ್ಪ್ರಿಂಗು ಹಾಳು ಮಾಡ್ದೆ, ಬೇರೆ ತರಿಸಿದೆ. ಈಗ ಕೂರುತ್ತೆ."

"ಮೇಡಮ್ಮಿನ ವಾಚು?"

ಅವಳು ತಲೆಯಾಡಿಸಿದಳು.

"ಯಾರು ಕಲಿಸಿದ್ರು ನಿನಗೆ?"

"ಯಾರು ಕಲಿಸ್ತಾರೆ? ಇಪ್ಪತ್ತೆರಡು ವರ್ಷ ಗಿರಾಕಿ ಇಲ್ದಾಗೆಲ್ಲ ಹಿಂದೆ ತಿರುಗಿ ನಿಮ್ಮ ಕೈಯನ್ನೇ ನೋಡಿದ್ದೀನಿ. ನಿಮಗೆ ಗೊತ್ತಾಗಿಲ್ಲ ಅಷ್ಟೆ. ನಿಮಗೆ ಬೆನ್ನಲ್ಲಿ ಕಣ್ಣಿಲ್ಲ."

"ನನಗೊಂದು ಮಾತು ಹೇಳಬಹುದಿತ್ತು."

ಈಗ ಅವಳಿಗೂ ಸಿಟ್ಟು ಬಂತು. "ಹೇಳಿದ್ರೆ ಕೇಳ್ತಿದ್ರಾ? ಚಿಮಟ ಗಾಜಿಗೆ ತಾಗೋದು ನನಗೆ ಆರು ತಿಂಗಳಿಂದ ಕೇಳಿಸ್ತಿದೆ. ತುಂಬಿದ ಲೋಟ ಕೊಟ್ರೆ ಚೆಲ್ಲಿಕೊಳ್ತೀರಿ ಅಂತ ಅರ್ಧ ಕೊಟ್ಟೆ, ಜುಗ್ಗಿ ಅಂದ್ರಿ. ಫಿಲ್ಮ್ ಬೈದ್ರಿ, ಲೆನ್ಸ್ ಬೈದ್ರಿ, ಪಾಪ ಆ ಕ್ಯಾಮೆರಾ ಹೊಟ್ಟೆ ಬಗೆದ್ರಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಿಮಗೆ ಮೂವತ್ತಾರು ಕನ್ನಡಿ ಹಿಡಿದ್ರೂ ಕಾಣಲಿಲ್ಲ!"

ಅವನು ಹೊರಗೆ ಹೋದ. ಬೀದಿಯ ತುದಿಯವರೆಗೆ ನಡೆದ, ತಿರುಗಿದ, ಔಷಧಿ ಅಂಗಡಿ ದಾಟಿ ಇನ್ನೊಂದು ತುದಿಗೆ ಹೋದ. ದೇವರ ಕೈ ಅಂದಿದ್ದರು ಮೇಡಂ. ಅವನು ನಾಚಿಕೆಯಿಲ್ಲದೆ ತಲೆದೂಗಿದ್ದ. ಎರಡು ದಿನ ಆ ಮಾತನ್ನು ಮೆಲುಕು ಹಾಕಿದ್ದ. ಬೇಲಿಯ ಕಂಬಿ ಹಿಡಿದು ನಿಂತ. ಬಿಗಿಯಾಗಿ ಹಿಡಿದಾಗ ಕೈ ನಡುಗುತ್ತಿರಲಿಲ್ಲ. ಬಿಟ್ಟು, ಬೆರಳುಗಳನ್ನು ಮುಖದ ಮುಂದೆ ಹಿಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. ಸಣ್ಣಗೆ, ಬಿಡದೆ, ಅಲುಗುತ್ತಿದ್ದವು. ಅವನಪ್ಪನ ಕೈಯೂ ಕಡೆಗಾಲದಲ್ಲಿ ಹೀಗೇ ಇತ್ತು. ಅದನ್ನು ಮುಪ್ಪು ಎಂದು ಎಲ್ಲರೂ ಬಿಟ್ಟಿದ್ದರು.

ಎಷ್ಟು ಹೊತ್ತಾಯಿತೋ. ಹಿಂದಿರುಗಿದಾಗ ಅವಳು ಮತ್ತೆ ಮೇಜಿಗೆ ಬಗ್ಗಿದ್ದಳು. ಕಣ್ಣು ಕೆಂಪಗಿತ್ತು. ತಿರುಗದೆಯೇ ಹೇಳಿದಳು:

"ಇದೊಂದು ಕೂರ್ತಿಲ್ಲ. ಎಲ್ಲಿ ತಪ್ತಿದೆ ನೋಡಿ."

ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು ಭೂತಗನ್ನಡಿ ತೆಗೆದುಕೊಂಡ. ಇಲ್ಲ, ನಿಜವಾಗಿಯೂ ತಪ್ಪಿತ್ತು. ಹಲ್ಲಿನ ಚಕ್ರವೊಂದರ ಕೆಳಗಿನ ಮೊಳೆ ಕಣ್ಣಿಗೆ ಕಾಣದಷ್ಟು ಬಾಗಿತ್ತು. ಮೇಲಿನಿಂದ ಎಷ್ಟು ಸಲ ಕೂರಿಸಿದರೂ ಪ್ರಯೋಜನವಿರಲಿಲ್ಲ.

"ಸ್ಪ್ರಿಂಗಿನ ತಪ್ಪಲ್ಲ. ಕೆಳಗಿನ ಮೊಳೆ ನೋಡು. ಎಡಕ್ಕೆ ವಾಲಿದೆ. ಮೊದಲು ಅದನ್ನ ತೆಗಿ. ಹಾಗಲ್ಲ, ಮರದ ಕಡ್ಡಿಯಿಂದ."

ನಿಂತುಕೊಂಡೇ ಹೇಳಿದ. ಅವಳು ಕೂತುಕೊಂಡೇ ಮಾಡಿದಳು. ಮುಂದಿನ ಬಸ್ಸು ಸಿಕ್ಕಿ ಮೂರು ಗಂಟೆಗೆ ಭಾವಮೈದುನ ಬೆವರು ಒರೆಸಿಕೊಳ್ಳುತ್ತ ಓಡಿ ಬಂದಾಗ ಇಬ್ಬರೂ ಒಂದೇ ವಾಚಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡಿದ್ದರು. ಗಡಿಯಾರದಣ್ಣ ಗಣಿಯಲ್ಲೇ ಬಿಟ್ಟು ಬಂದಿದ್ದ ಬುತ್ತಿ ಅವನ ಕೈಯಲ್ಲಿತ್ತು.

"ಅಕ್ಕಾ, ನಾನು ಎಷ್ಟು ಹೇಳಿದ್ರೂ…"

"ಗೂಬೆ ಎಲ್ಲೋ?" ಅಂದ ಗಡಿಯಾರದಣ್ಣ.

ಆಸ್ಪತ್ರೆಗೆ ಹೋದದ್ದು ಬುಧವಾರ. ಡಾಕ್ಟರು ಸುರುಳಿ ಬರೆಯಿಸಿದರು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಹೊಯ್ಯಿಸಿದರು, ನಡೆಸಿದರು. ಅವನು ಹೆದರಿದ್ದ ದೊಡ್ಡ ಕಾಯಿಲೆ ಅದಲ್ಲ. ಕೆಲವು ಮನೆತನಗಳಲ್ಲಿ ಬರುವ ನಡುಕ. ಮಾತ್ರೆಯಿಂದ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚಲೂಬಹುದು. "ಏನು ಕೆಲಸ ನಿಮ್ಮದು?" ಎಂದು ಕೇಳಿದ ಡಾಕ್ಟರು ಉತ್ತರ ಕೇಳಿ ಪೆನ್ನು ಕೆಳಗಿಟ್ಟರು.

ಮೇಜಿಗೆ ಈಗ ಅವಳು ಕೂತಳು, ಕಟ್ಟೆಗೆ ಅವನು. ಹೇಳಿದಷ್ಟು ಸುಲಭವಾಗಿರಲಿಲ್ಲ. ಬ್ಯಾಟರಿ ಹಾಕಲೂ ಅವನಿಗೆ ಎರಡು ಸಲ ಬೇಕಾಗುತ್ತಿತ್ತು. ಗಿರಾಕಿಯ ಜೊತೆ ನಯವಾಗಿ ಮಾತಾಡಿ ಗೊತ್ತಿಲ್ಲ. ಐದು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ, "ಎಡಕ್ಕೆ… ಸ್ವಲ್ಪ ಎಡಕ್ಕೆ… ಎಣ್ಣೆ ಹೆಚ್ಚಾಯ್ತು" ಎನ್ನುತ್ತಿದ್ದ. ಒಂದು ದಿನ ಅವಳು ಚಿಮಟ ಕೆಳಗಿಟ್ಟು, "ಇಪ್ಪತ್ತೆರಡು ವರ್ಷ ನಾನು ಹಿಂದಿನಿಂದ ಒಂದು ಮಾತಾದ್ರೂ ಆಡಿದ್ದೀನಾ?" ಎಂದಾಗ ಅವನು ಮೆಟ್ಟಿಲಿಗೆ ಹೋಗಿ ಕೂತ.

ಕ್ಯಾಮೆರಾ ಕಪಾಟಿನ ಮೇಲಿತ್ತು. ಕಲ್ಲುಗಣಿಯ ರೋಲನ್ನು ತೊಳೆದಿರಲಿಲ್ಲ. ಆರು ಭಾನುವಾರ ಭಾವಮೈದುನ ಬಂದು ಕರೆದ, ಆರು ಸಲವೂ ಏನಾದರೊಂದು ನೆಪ. ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದ. ನೆಲದ ಹಾಸು ಸವೆಯುತ್ತದೆ ಎಂದಳು ಹೆಂಡತಿ.

ಏಳನೆಯ ವಾರದ ಶನಿವಾರ ಕಟ್ಟಡದ ಕಂಟ್ರಾಕ್ಟರೊಬ್ಬರು ಬಂದು ಬೆಲೆಬಾಳುವ ಕೀಲಿ ವಾಚೊಂದನ್ನು ಗಾಜಿನ ಮೇಲಿಟ್ಟರು. ಹಿಂದೆ ಅವನೇ ಎರಡು ಸಲ ಬಿಚ್ಚಿದ್ದ ವಾಚು. ಅವರು ಒಳಗೆ ಇಣುಕಿ, ಅವಳನ್ನು ನೋಡಿ, ದನಿ ತಗ್ಗಿಸಿದರು.

"ಇದನ್ನ ನೀವೇ ನೋಡಬೇಕು ಅಣ್ಣ. ಬೇರೆಯವರ ಕೈಗೆ ಕೊಡಬೇಡಿ."

'ಆಗಲಿ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ವಾಚು ಹೇಗೂ ಹಿಂದಿನ ಮೇಜಿಗೆ ಹೋಗುತ್ತಿತ್ತು, ಹೇಗೂ ಸರಿಯಾಗುತ್ತಿತ್ತು.

"ನನ್ನ ಕೈ ನಡುಗುತ್ತೆ ಸಾರ್" ಅಂದ. "ಎಂಟು ತಿಂಗಳ ಹತ್ರ ಆಯ್ತು. ನಾನು ನೋಡಿ ಹೇಳ್ತೀನಿ, ಮಾಡೋದು ಅವಳು. ಈಗ ನನಗಿಂತ ಚೆನ್ನಾಗಿ ಮಾಡ್ತಾಳೆ."

ಕಂಟ್ರಾಕ್ಟರು ಅವನ ಕೈಯನ್ನು ನೋಡಿದರು. ಆಮೇಲೆ ವಾಚನ್ನು ನಿಧಾನವಾಗಿ ಎತ್ತಿ ಜೇಬಿಗೆ ಹಾಕಿಕೊಂಡು, ಯೋಚನೆ ಮಾಡಿ ಬರುತ್ತೇನೆ ಎಂದು ಇಳಿದು ಹೋದರು. ಬರುವುದಿಲ್ಲವೆಂದು ಅವರ ಹೆಜ್ಜೆಯೇ ಹೇಳುತ್ತಿತ್ತು.

ಹಿಂದಿನಿಂದ ಹೆಂಡತಿ, "ಸತ್ಯ ಹೇಳೋಕೆ ನಿಮಗೆ ಇದೇ ಗಿರಾಕಿ ಬೇಕಿತ್ತಾ?" ಅಂದಳು.

ಅವನು ತಿರುಗಿದ. ಅವಳ ಒಂದು ಕಣ್ಣು ಭೂತಗನ್ನಡಿಯ ಹಿಂದೆ ದೊಡ್ಡದಾಗಿ ಕಾಣುತ್ತಿತ್ತು, ಇನ್ನೊಂದು ನಗು ತಡೆಯುತ್ತಿತ್ತು. ಮೊದಲು ಯಾರು ನಕ್ಕರೋ, ಬೀಗದವನು ಏನಾಯಿತೆಂದು ಇಣುಕುವಷ್ಟು ಇಬ್ಬರೂ ನಕ್ಕರು.

ಮಾರನೆಯ ಬೆಳಗ್ಗೆ ಭಾವಮೈದುನ ರಸ್ತೆಯಲ್ಲಿ ನಿಂತು ಎಂದಿನಂತೆ ಕೂಗಿದ. ಗಡಿಯಾರದಣ್ಣ ಕಪಾಟಿನಿಂದ ಕ್ಯಾಮೆರಾ ಇಳಿಸಿ ಮಂಚದ ಮೇಲೆ ಕೂತ. ಹಳೇ ರೋಲು ತೆಗೆದು ಹೊಸದನ್ನು ಹಾಕಬೇಕಿತ್ತು. ಫಿಲ್ಮಿನ ನಾಲಗೆ ಸೀಳಿಗೆ ಸಿಕ್ಕಲಿಲ್ಲ. ಎರಡನೇ ಸಲವೂ ಸಿಕ್ಕಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕೈ ಚಾಚಲಿಲ್ಲ.

"ಎಲ್ಲಿಗೆ ಇವತ್ತು?" ಎಂದಳು.

"ಲಾರಿ ಬಯಲಿಗೆ. ಸ್ಟ್ಯಾಂಡು ತಂದಿದ್ದಾನಂತೆ."

"ಹೊರ್ತೀರಾ?"

"ಅವನು ಹೊರ್ತಾನೆ. ನಾನು ಯಾಕೆ ಹೊರ್ಲಿ?"

ಕೆಳಗಿನಿಂದ ಮತ್ತೆ ಕೂಗು ಬಂತು. ಬಸ್ಸಿಗೆ ಹೊತ್ತಾಗಿತ್ತು. ಐದನೆಯ ಸಲಕ್ಕೆ ನಾಲಗೆ ಸೀಳಿಗೆ ಸಿಕ್ಕಿತು. ಮುಚ್ಚಳ ಒತ್ತಿ, ಸನ್ನೆ ಎರಡು ಸಲ ತಿರುಗಿಸಿ, ಅವನು ಚಪ್ಪಲಿ ಹುಡುಕಲು ಎದ್ದ.